‘ಟೈಮ್ ಸಿಗ್ಲಿಲ್ಲ’: ಪರೀಕ್ಷೆಯಲ್ಲಿ ನಿಮಿಷಗಳು ಹೋಗುವುದೆಲ್ಲಿಗೆ?

(ಉಡುಪಿಯಲ್ಲಿ ಹೈಸ್ಕೂಲು ಶಿಕ್ಷಕರು ಮತ್ತು ಹತ್ತನೇ ತರಗತಿ ಮಕ್ಕಳ ಪೋಷಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಪರೀಕ್ಷೆ ಮುಗಿಸಿ ಹೊರಗೆ ಬಂದ ಮಕ್ಕಳ ಬಾಯಲ್ಲಿ ಒಂದು ಮಾತು ಯಾವಾಗಲೂ ಇರುತ್ತದೆ: “ಎಲ್ಲ ಗೊತ್ತಿತ್ತು, ಟೈಮ್ ಸಿಗ್ಲಿಲ್ಲ.” ದೊಡ್ಡವರು ಕೊಡುವ ಉತ್ತರವೂ ಒಂದೇ: “ಇನ್ನೊಂದು ಸಲ ಬೇಗ ಬೇಗ ಬರಿ.” ಈ ಉತ್ತರದಿಂದ ಮಕ್ಕಳಿಗೆ ಉಪಕಾರ ಆಗುವುದಿಲ್ಲ. ಕೈ ನಿಧಾನ ಇರುವವರು, ಪ್ರಶ್ನೆ ಓದುವುದೇ ನಿಧಾನ ಇರುವವರು, ಒಂದು ಲೆಕ್ಕಕ್ಕೆ ಸಿಕ್ಕಿಕೊಂಡು ಬಿಡಲಾಗದವರು, ಎರಡು ಅಂಕದ ಪ್ರಶ್ನೆಗೆ ಒಂದು ಪುಟ ಬರೆಯುವವರು, ಪಾಠ ಅರ್ಧಂಬರ್ಧ ನೆನಪಿದ್ದು ಯೋಚಿಸುತ್ತ ಕೂರುವವರು, ಎಲ್ಲರೂ ಇದೇ ಮಾತನ್ನು ಹೇಳುತ್ತಾರೆ. ಜ್ವರ ಎಂದು ಬಂದವರಿಗೆಲ್ಲ ಒಂದೇ ಮಾತ್ರೆ ಕೊಟ್ಟ ಹಾಗೆ ಇವರೆಲ್ಲರಿಗೂ “ಬೇಗ ಬರಿ” ಎಂದರೆ, ಕೆಲವರಿಗೆ ಗುಣವಾಗುವುದಿಲ್ಲ, ಕೆಲವರಿಗೆ ಹೆಚ್ಚಾಗುತ್ತದೆ. ಯಾವ ಮಗುವಿನ ಸಮಯ ಎಲ್ಲಿ ಹೋಗುತ್ತಿದೆ ಎಂದು ಮೊದಲು ಅಳೆಯಬೇಕು. ನಾನು ಇವತ್ತು ಮುಖ್ಯವಾಗಿ ಹೇಳಲಿರುವುದು ಅಳೆಯುವ ಕ್ರಮವನ್ನೇ.

ನಮ್ಮ ಕರಾವಳಿಯಲ್ಲಿ ಇದಕ್ಕೆ ಇನ್ನೊಂದು ಕಾರಣಕ್ಕೂ ಮಹತ್ವ ಇದೆ. 2024ರ ಎಸೆಸೆಲ್ಸಿ ಫಲಿತಾಂಶದಲ್ಲಿ ರಾಜ್ಯಕ್ಕೆ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. ಇಂಥ ಕಡೆ ಪಾಸಾಗುವುದು ಹೆಚ್ಚಿನ ಮನೆಗಳಲ್ಲಿ ಪ್ರಶ್ನೆಯೇ ಅಲ್ಲ. 625ರಲ್ಲಿ 580ಕ್ಕೆ ನಿಲ್ಲುವುದೋ 610ಕ್ಕೆ ಏರುವುದೋ ಎಂಬ ಒತ್ತಡ. ಇನ್ನೊಂದು ಕಡೆ ವಿಷಯವೊಂದಕ್ಕೆ ಮೂವತ್ತು, ನಲವತ್ತು ಅಂಕದ ಆಸುಪಾಸಿನಲ್ಲಿ ಇರುವ ಮಕ್ಕಳು ಇದ್ದಾರೆ. ಅವರು ಈ ಗದ್ದಲದಲ್ಲಿ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಸಮಯದ ಸಮಸ್ಯೆ ಇಬ್ಬರಿಗೂ ಇದೆ, ಸ್ವರೂಪ ಮಾತ್ರ ಪೂರ್ತಿ ಬೇರೆ.

ಮೊದಲು ಲೆಕ್ಕ ನೋಡಿ. ಈಗಿನ ಮಾದರಿಯಲ್ಲಿ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಲಿಖಿತ ಪರೀಕ್ಷೆಗೆ 80 ಅಂಕ. 10 ಗಂಟೆಗೆ ಪತ್ರಿಕೆ ಕೈಗೆ ಬಂದರೆ 10.15ರವರೆಗೆ ಓದಲು, ಅಲ್ಲಿಂದ 1.15ರವರೆಗೆ ಬರೆಯಲು. 180 ನಿಮಿಷಕ್ಕೆ 80 ಅಂಕ, ಅಂದರೆ ಅಂಕವೊಂದಕ್ಕೆ 135 ಸೆಕೆಂಡು. ಪ್ರಥಮ ಭಾಷೆಗೂ ಬರೆಯಲು ಅದೇ 180 ನಿಮಿಷ, ಆದರೆ ಅಂಕ 100. ಅಂಕಕ್ಕೆ 108 ಸೆಕೆಂಡು. ದ್ವಿತೀಯ ಭಾಷೆಗೆ 80 ಅಂಕ; ಓದುವ ಸಮಯ ಸೇರಿ ಮೂರು ಗಂಟೆ, ಬರೆಯಲು 165 ನಿಮಿಷ. ಅಂಕಕ್ಕೆ ಹತ್ತಿರ ಹತ್ತಿರ 124 ಸೆಕೆಂಡು. ಹಾಗಾದರೆ ಎಲ್ಲಕ್ಕಿಂತ ಬಿಗಿ ಯಾವುದು? ಪ್ರಥಮ ಭಾಷೆ. ಆದರೆ ಮನೆಯಲ್ಲಿ ಗಡಿಯಾರ ಇಟ್ಟು ಕೂರಿಸುವುದು ಗಣಿತಕ್ಕೆ ಮಾತ್ರ. ಕನ್ನಡವೋ ಸಂಸ್ಕೃತವೋ ಪ್ರಥಮ ಭಾಷೆ ಆಗಿದ್ದರೆ “ಅದು ಬರೀತಾರೆ ಬಿಡಿ” ಎಂದು ಬಿಟ್ಟುಬಿಡುತ್ತೇವೆ. ಮೂರು ಗಂಟೆ ಎಡೆಬಿಡದೆ ಬರೆಯಬೇಕಾದ ಪತ್ರಿಕೆ ಅದೇ ಎಂಬುದು ಮಗುವಿಗೆ ಮಾರ್ಚಿನಲ್ಲಿ ಮೊದಲ ದಿನ ಗೊತ್ತಾಗುತ್ತದೆ.

ಎರಡು ಪೆನ್ನಿನ ಪರೀಕ್ಷೆ

ಡಿಸೆಂಬರಿನಲ್ಲಿ, ಪ್ರಿಪರೇಟರಿಗೆ ಮೊದಲು, ಒಂದು ಪೂರ್ತಿ ಪತ್ರಿಕೆ ಕೊಡಿ. ಮೂರು ಗಂಟೆ ನೀಲಿ ಪೆನ್ನಿನಲ್ಲಿ ಬರೆಯಲಿ. ಬೆಲ್ ಆದ ಕೂಡಲೇ ನೀಲಿ ಪೆನ್ನು ತೆಗೆದುಕೊಂಡು ಕಪ್ಪು ಪೆನ್ನು ಕೊಡಿ, ಇನ್ನೂ 25 ನಿಮಿಷ ಬರೆಯಲು ಬಿಡಿ. ಪುಸ್ತಕ ನೋಡುವಂತಿಲ್ಲ, ಮಾತಾಡುವಂತಿಲ್ಲ. ಹೀಗೆ ಹೆಚ್ಚುವರಿ ಸಮಯ ಸಿಗುತ್ತದೆ ಎಂದು ಮೊದಲೇ ಹೇಳಬಾರದು. ಹೇಳಿದರೆ ಮಕ್ಕಳು ಶುರುವಿನಿಂದಲೇ ನಿಧಾನಿಸುತ್ತಾರೆ. ಮೌಲ್ಯಮಾಪನ ಮಾಡುವಾಗ ನೀಲಿಯ ಅಂಕ ಬೇರೆ, ಕಪ್ಪಿನ ಅಂಕ ಬೇರೆ ಬರೆದುಕೊಳ್ಳಿ.

ಕಪ್ಪು ಪೆನ್ನಿನಿಂದ ಎಂಟು, ಹತ್ತು ಅಂಕ ಏರಿತು ಎಂದಾದರೆ ಆ ಮಗುವಿಗೆ ನಿಜವಾಗಿಯೂ ಸಮಯ ಸಾಲುತ್ತಿಲ್ಲ. ಒಂದೋ ಎರಡೋ ಅಂಕ ಮಾತ್ರ ಸೇರಿದರೆ ಕೊರತೆ ಪಾಠದಲ್ಲಿದೆ. ಅಂಥವರನ್ನು ಗಡಿಯಾರದ ಮುಂದೆ ಕೂರಿಸಿ ಹತ್ತು ಪತ್ರಿಕೆ ಬರೆಸಿದರೂ ಏನೂ ಬದಲಾಗದು. ಇರುವ ಭಯ ದುಪ್ಪಟ್ಟಾಗುತ್ತದೆ ಅಷ್ಟೆ. ಅವರಿಗೆ ಬೇಕಾದದ್ದು ಪಾಠ.

ಅದೇ ಉತ್ತರ ಪತ್ರಿಕೆಯನ್ನು ಇನ್ನೊಮ್ಮೆ ತಿರುವಿ ಹಾಕಿ, ಖಾಲಿ ಬಿಟ್ಟ ಪ್ರಶ್ನೆಗಳು ಎಲ್ಲಿವೆ ನೋಡಿ. ನಡು ನಡುವೆ ಬಿಟ್ಟಿದ್ದರೆ ಗೊತ್ತಿಲ್ಲದೆ ಬಿಟ್ಟದ್ದು. ಕೊನೆಯಲ್ಲಿ ಸಾಲಾಗಿ ಬಿಟ್ಟಿದ್ದರೆ ಅಲ್ಲಿಗೆ ತಲುಪಲೇ ಇಲ್ಲ. ಮೌಲ್ಯಮಾಪನ ಶಾಸ್ತ್ರದಲ್ಲಿ ಈ ಎರಡನ್ನೂ ಬೇರೆ ಬೇರೆಯಾಗಿಯೇ ಎಣಿಸುತ್ತಾರೆ. ನಮ್ಮ ಅಂಕಪಟ್ಟಿಯಲ್ಲಿ ಎರಡಕ್ಕೂ ಸೊನ್ನೆ, ಹಾಗಾಗಿ ವ್ಯತ್ಯಾಸ ಅಳಿಸಿಹೋಗುತ್ತದೆ. ಅಕ್ಷರ ಯಾವ ಪುಟದಿಂದ ಕೆಡಲು ಶುರುವಾಯಿತು, ಗೀಟು ಹಾಕಿ ಹೊಡೆದ ಸಾಲುಗಳು ಎಲ್ಲಿ ಹೆಚ್ಚಿವೆ ಎಂಬುದನ್ನೂ ಗುರುತಿಸಿಕೊಳ್ಳಿ. ಪ್ರತಿ ವಿಭಾಗ ಮುಗಿದಾಗ ಗಂಟೆ, ನಿಮಿಷವನ್ನು ಮಾರ್ಜಿನ್‌ನಲ್ಲಿ ಬರೆದಿಡಲು ಮಕ್ಕಳಿಗೆ ಹೇಳಿದ್ದರೆ ಅರ್ಧ ಕೆಲಸ ಅಲ್ಲೇ ಆಯಿತು.

ಸಮಯ ಸಾಲುತ್ತಿಲ್ಲ ಎಂದು ಖಚಿತವಾದ ಮೇಲೆ, ಕೈ ನಿಧಾನವೋ ನೆನಪು ನಿಧಾನವೋ ಎಂದು ನೋಡಬೇಕು. ಹತ್ತು ನಿಮಿಷ ಪಾಠದ ಒಂದು ಪುಟವನ್ನು ನೋಡಿಕೊಂಡು ಬರೆಯಲಿ, ಸಾಲು ಎಣಿಸಿ. ಮರುದಿನ ಹತ್ತು ನಿಮಿಷ, ಚೆನ್ನಾಗಿ ಬರುವ ಒಂದು ಉತ್ತರವನ್ನು ನೋಡದೆ ಬರೆಯಲಿ. ಮತ್ತೆ ಸಾಲು ಎಣಿಸಿ. ನೋಡಿ ಬರೆದದ್ದು ಇಪ್ಪತ್ತು ಸಾಲು, ನೋಡದೆ ಬರೆದದ್ದು ಒಂಬತ್ತು ಎಂದಾದರೆ ಕೈಯಲ್ಲಿ ದೋಷ ಇಲ್ಲ, ವಿಷಯ ಸಲೀಸಾಗಿ ನೆನಪಿಗೆ ಬರುತ್ತಿಲ್ಲ. ಪುಸ್ತಕ ಮುಚ್ಚಿ ಬಾಯಲ್ಲಿ ಹೇಳುವುದು, ಮುಖ್ಯಾಂಶಗಳನ್ನು ಒಂದೆರಡು ಶಬ್ದದಲ್ಲಿ ಬರೆಯುವುದು, ಮೂರು ದಿನ ಬಿಟ್ಟು ಮತ್ತೆ ಅದನ್ನೇ ಮಾಡುವುದು ಇದಕ್ಕೆ ಮದ್ದು. ನೋಡಿ ಬರೆಯುವಾಗಲೇ ಹತ್ತು ಸಾಲು ಮೀರದಿದ್ದರೆ ಕೈಯ ಕಡೆ ಗಮನ ಕೊಡಿ. ಪೆನ್ನನ್ನು ತುದಿಯಲ್ಲೇ ಬಿಗಿಯಾಗಿ ಹಿಡಿಯುವುದು, ಹಿಂದಿನ ಪುಟದಲ್ಲಿ ಅಚ್ಚು ಮೂಡುವಷ್ಟು ಒತ್ತಿ ಬರೆಯುವುದು, ತಲೆಕಟ್ಟನ್ನು ಪೂರ್ತಿ ಪದ ಬರೆದ ಮೇಲೆ ಹಿಂದೆ ಬಂದು ಹಾಕುವುದು ಸಾಮಾನ್ಯ ಕಾರಣಗಳು. ಇವು ಜೂನ್, ಜುಲೈಯಲ್ಲಿ ದಿನಕ್ಕೆ ಹತ್ತು ನಿಮಿಷದ ಅಭ್ಯಾಸದಿಂದ ಸರಿಹೋಗುತ್ತವೆ. ಫೆಬ್ರವರಿಯಲ್ಲಿ ಕೈ ಬದಲಾಯಿಸಲು ಹೋಗಬೇಡಿ.

ಓದುವ ನಿಧಾನ ನಮ್ಮ ಕಡೆ ಬೇಗ ಕಣ್ಣಿಗೆ ಬೀಳುವುದಿಲ್ಲ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ. ಶಾಲೆಯಲ್ಲಿ ಕನ್ನಡ ಅಥವಾ ಇಂಗ್ಲಿಷ್. ಪಾಠದ ಭಾಷೆ ಅಭ್ಯಾಸವಾಗಿರುತ್ತದೆ, ಆದರೆ ನಾಲ್ಕು ಸಾಲಿನ ಅನ್ವಯ ಪ್ರಶ್ನೆ ಬಂದಾಗ ಎರಡೆರಡು ಸಲ ಓದಬೇಕಾಗುತ್ತದೆ. ಇಂಥವರಿಗೆ ಒಂದು ಕ್ರಮ ರೂಢಿ ಮಾಡಿಸಿ: ಮೊದಲು ಪ್ರಶ್ನೆಯ ಕೊನೆಯ ಸಾಲು, ಅಂದರೆ ಏನು ಕೇಳಿದ್ದಾರೆ ಎಂಬುದು; ಆಮೇಲೆ ಮೇಲಿನಿಂದ ಓದಿ ಕೊಟ್ಟ ಸಂಖ್ಯೆಗಳನ್ನು ಉತ್ತರ ಪತ್ರಿಕೆಯಲ್ಲೇ ಬರೆದುಕೊಳ್ಳುವುದು. ಹೀಗೆ ಮಾಡಿದರೆ ಮೂರನೇ ಸಲ ಓದುವ ಅಗತ್ಯ ಬೀಳುವುದಿಲ್ಲ.

ಗಣಿತ ಪತ್ರಿಕೆ

ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಪತ್ರಿಕೆಯಲ್ಲಿ 38 ಪ್ರಶ್ನೆ: ಒಂದು ಅಂಕದವು ಬಹು ಆಯ್ಕೆಯೂ ಸೇರಿ 16, ಎರಡು ಅಂಕದವು 8, ಮೂರು ಅಂಕದವು 9, ನಾಲ್ಕು ಅಂಕದವು 4, ಐದು ಅಂಕದ್ದು 1. ಎಲ್ಲಕ್ಕೂ ಅಂಕಕ್ಕೆ 135 ಸೆಕೆಂಡಿನಂತೆ ಹಂಚಿದರೆ ಪರಿಶೀಲನೆಗೆ ಒಂದು ನಿಮಿಷವೂ ಉಳಿಯುವುದಿಲ್ಲ. ಹಂಚಿಕೆ ಹೀಗಿರಲಿ: ಒಂದು ಅಂಕದ 16ಕ್ಕೆ ಒಟ್ಟು 20 ನಿಮಿಷ, ಎರಡು ಅಂಕದ್ದಕ್ಕೆ ತಲಾ ಮೂರೂವರೆಯಂತೆ 28, ಮೂರು ಅಂಕದ್ದಕ್ಕೆ ತಲಾ ಆರರಂತೆ 54, ನಾಲ್ಕು ಅಂಕದ್ದಕ್ಕೆ ತಲಾ ಒಂಬತ್ತರಂತೆ 36, ಐದು ಅಂಕದ್ದಕ್ಕೆ 12. ಒಟ್ಟು 150. ಉಳಿದ 30 ನಿಮಿಷ ಬಿಟ್ಟುಬಂದ ಲೆಕ್ಕಕ್ಕೆ ಮತ್ತು ಪರಿಶೀಲನೆಗೆ.

ಇಷ್ಟನ್ನೂ ಬಾಯಿಪಾಠ ಮಾಡುವುದು ಬೇಡ. ಗಡಿಯಾರದ ಮೇಲೆ ಮೂರು ಗುರುತು ಸಾಕು: 10.35ಕ್ಕೆ ಒಂದು ಅಂಕದವು ಮುಗಿದಿರಬೇಕು, 12 ಗಂಟೆಗೆ ಮೂರು ಅಂಕದವು ಮುಗಿದಿರಬೇಕು, 12.45ಕ್ಕೆ ಐದು ಅಂಕದ್ದೂ ಸೇರಿ ಮೊದಲ ಸುತ್ತು ಮುಗಿದಿರಬೇಕು. ಐದು ನಿಮಿಷ ಹಿಂದೆ ಬಿದ್ದರೆ ಗಾಬರಿ ಬೇಡ. ಹತ್ತು ನಿಮಿಷ ಹಿಂದಿದ್ದರೆ ಆ ವಿಭಾಗದಲ್ಲಿ ಅಡ್ಡಗಾಲು ಹಾಕುತ್ತಿರುವ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗಬೇಕು, ಬೇಗ ಬೇಗ ಬರೆಯಲು ಹೋಗಬಾರದು. ಬೇಗ ಬರೆಯಲು ಹೋದಾಗಲೇ ಮೈನಸ್ ಚಿಹ್ನೆ ಬಿಟ್ಟುಹೋಗುವುದು.

ಸಮಯ ಹೇಗೆ ಸೋರುತ್ತದೆ ಎನ್ನುವುದಕ್ಕೆ ಒಂದು ಲೆಕ್ಕ ತೆಗೆದುಕೊಳ್ಳೋಣ. ಒಂದು ರೈಲು 360 ಕಿಲೋಮೀಟರನ್ನು ಏಕರೂಪ ವೇಗದಲ್ಲಿ ಕ್ರಮಿಸುತ್ತದೆ, ಗಂಟೆಗೆ 5 ಕಿಲೋಮೀಟರ್ ವೇಗ ಹೆಚ್ಚಿದ್ದರೆ ಒಂದು ಗಂಟೆ ಮೊದಲೇ ತಲುಪುತ್ತಿತ್ತು, ವೇಗ ಎಷ್ಟು? ಸಮೀಕರಣ ಮಾಡಿದರೆ x² + 5x − 1800 = 0 ಬರುತ್ತದೆ. ಇಲ್ಲಿಯವರೆಗೆ ಹೆಚ್ಚಿನ ಮಕ್ಕಳು ನಾಲ್ಕು ನಿಮಿಷದಲ್ಲಿ ಬಂದುಬಿಡುತ್ತಾರೆ. ಆಮೇಲೆ ಸಿಕ್ಕಿಬೀಳುತ್ತಾರೆ. 1800ಕ್ಕೆ ಯಾವ ಎರಡು ಅಪವರ್ತನಗಳ ವ್ಯತ್ಯಾಸ 5 ಎಂದು ಹುಡುಕುತ್ತ 30 × 60, 36 × 50, 25 × 72 ಎಂದು ರಫ್ ವರ್ಕ್ ತುಂಬಾ ಬರೆಯುತ್ತಾರೆ. 40 × 45 ಬೇಗ ಹೊಳೆದರೆ ಸರಿ, ಹೊಳೆಯದಿದ್ದರೆ ಆರು ನಿಮಿಷ ಹೋಯಿತು. ಇಲ್ಲಿ ನಿಯಮ ಹೀಗಿರಲಿ: ಅಪವರ್ತನ ಒಂದು ನಿಮಿಷದಲ್ಲಿ ಸಿಗದಿದ್ದರೆ ಸೂತ್ರಕ್ಕೆ ಹೋಗು. ಶೋಧಕ, ಅಂದರೆ b² − 4ac, 25 + 7200 = 7225. ಐದರಲ್ಲಿ ಕೊನೆಯಾಗುವ ಸಂಖ್ಯೆಗಳ ವರ್ಗ ಗೊತ್ತಿದ್ದರೆ 8 × 9 = 72, ಮುಂದೆ 25, ಹಾಗಾಗಿ ವರ್ಗಮೂಲ 85 ಎಂದು ಕೂಡಲೇ ಸಿಗುತ್ತದೆ. (−5 + 85) ÷ 2 = 40. ಎರಡು ನಿಮಿಷದ ಕೆಲಸ. 30ರವರೆಗಿನ ವರ್ಗಗಳು ಮತ್ತು 95ರವರೆಗೆ ಐದರಲ್ಲಿ ಮುಗಿಯುವ ವರ್ಗಗಳು ಬಾಯಿಗೆ ಬಂದಿದ್ದರೆ ಇಡೀ ಪತ್ರಿಕೆಯಲ್ಲಿ ಉಳಿಯುವ ಸಮಯ ಸಣ್ಣದಲ್ಲ. ಮಗ್ಗಿ ಹಳೆಯ ಕಾಲದ ಕಲಿಕೆ ಎಂದು ಬಿಟ್ಟಿರುವವರು ದಯವಿಟ್ಟು ಇನ್ನೊಮ್ಮೆ ಯೋಚಿಸಿ.

ಗ್ರಾಫ್‌ನಲ್ಲಿ ಇನ್ನೊಂದು ಬಗೆ. 2x + y = 6 ಮತ್ತು 2x − y = 2 ಎಂದಿಟ್ಟುಕೊಳ್ಳಿ. ಮೊದಲನೆಯದಕ್ಕೆ x = 0, 1, 3 ಹಾಕಿದರೆ y = 6, 4, 0; ಎರಡನೆಯದಕ್ಕೆ ಅವೇ ಬೆಲೆಗಳಿಗೆ −2, 0, 4. ಎರಡೂ ಪಟ್ಟಿಯನ್ನು ಪೂರ್ತಿ ಬರೆದು, ಅತಿ ಸಣ್ಣ ಮತ್ತು ಅತಿ ದೊಡ್ಡ ಬೆಲೆ ನೋಡಿ, ಆಮೇಲೆ ಅಕ್ಷ ಎಳೆಯಬೇಕು. ಗಡಿಬಿಡಿಯಲ್ಲಿ ಅಕ್ಷವನ್ನು ಹಾಳೆಯ ಕೆಳ ಮೂಲೆಯಲ್ಲಿ ಎಳೆದವರಿಗೆ −2 ಗುರುತಿಸಲು ಜಾಗ ಇರುವುದಿಲ್ಲ. ಅಳಿಸಿ ಮತ್ತೆ ಶುರು. ರೇಖೆಗೆ ಎರಡು ಬಿಂದು ಸಾಕು, ಮೂರನೆಯದು ತಪ್ಪು ಹಿಡಿಯಲು. ಮೂರೂ ಒಂದೇ ಗೆರೆಯ ಮೇಲೆ ಬರದಿದ್ದರೆ ಪಟ್ಟಿಯಲ್ಲೇ ತಪ್ಪಿದೆ ಎಂದು ಅರ್ಥ. ಸ್ಕೇಲನ್ನು ಓರೆ ಮಾಡಿ ಸೇರಿಸಲು ಹೋಗಬೇಡಿ ಎಂದು ಹೇಳಿಕೊಡಿ. ಗೆರೆಗಳು (2, 2)ರಲ್ಲಿ ಕೂಡಿದ ಮೇಲೆ ಪ್ರಮಾಣ ಬರೆದು, x, y ಬೆಲೆ ಬರೆದರೆ ಮುಗಿಯಿತು. ಪೆನ್ಸಿಲ್ ಎರಡು, ಹಿಂದಿನ ರಾತ್ರಿಯೇ ಚೂಪು ಮಾಡಿಟ್ಟದ್ದು.

ಥೇಲ್ಸ್ ಪ್ರಮೇಯದಂಥದ್ದಕ್ಕೆ ಆಕೃತಿ, ದತ್ತ, ಸಾಧನೀಯ, ರಚನೆ ಇಷ್ಟನ್ನು ಬರೆದರೂ ಹಂತದ ಅಂಕ ಸಿಗುತ್ತದೆ. ಮೂವತ್ತೈದು ಅಂಕದ ಆಸುಪಾಸಿನ ಮಕ್ಕಳಿಗೆ ಇದು ಬಹಳ ದೊಡ್ಡ ವಿಷಯ. ಪೂರ್ತಿ ಬರುವುದಿಲ್ಲ ಎಂದು ಅವರು ಆ ಪ್ರಶ್ನೆಯನ್ನೇ ಮುಟ್ಟುವುದಿಲ್ಲ. ಕೊನೆಯ ಒಂದು ಗಂಟೆ ಸುಮ್ಮನೆ ಕೂತಿರುತ್ತಾರೆ. ಸಮಯ ಸಾಲದ ಮಕ್ಕಳಿಗಾಗಿ ನಾವು ಪಡುವ ಚಿಂತೆಯ ಅರ್ಧವನ್ನಾದರೂ ಸಮಯ ಉಳಿದು ಏನು ಮಾಡಬೇಕೆಂದು ತಿಳಿಯದೆ ಕೂರುವ ಈ ಮಕ್ಕಳಿಗೆ ಕೊಡಬೇಕು.

ಓದುವ 15 ನಿಮಿಷದಲ್ಲಿ ಒಂದು ಅಂಕದ ಪ್ರಶ್ನೆಗಳನ್ನು ಓದಿ ಫಲ ಇಲ್ಲ. ಅವನ್ನು ಹೇಗೂ ಬರೆಯುವಾಗ ಓದುತ್ತಾರೆ. ಪುಟಗಳು ಸರಿ ಇವೆಯೇ ನೋಡಿ, ನೇರ ಹಿಂದಿನ ಪುಟಕ್ಕೆ ಹೋಗಿ, ಐದು, ನಾಲ್ಕು, ಮೂರು ಅಂಕದವನ್ನು ಓದಲಿ. “ಅಥವಾ” ಇರುವ ಕಡೆಯಲ್ಲೆಲ್ಲ ಯಾವುದನ್ನು ಬರೆಯುವುದು ಎಂದು ಆಗಲೇ ತೀರ್ಮಾನಿಸಲಿ. ಒಂದನ್ನು ಅರ್ಧ ಬರೆದು ಹೊಡೆದು, ಇನ್ನೊಂದನ್ನು ಶುರು ಮಾಡುವುದಕ್ಕಿಂತ ದೊಡ್ಡ ನಷ್ಟ ಪತ್ರಿಕೆಯಲ್ಲಿ ಬೇರೆ ಇಲ್ಲ.

ಉಳಿದ ವಿಷಯಗಳಲ್ಲಿ ಸಮಯ ತಿನ್ನುವುದು ಅಲಂಕಾರ ಮತ್ತು ಅತಿ ಬರಹ. ಸಮಾಜ ವಿಜ್ಞಾನದಲ್ಲಿ ಭಾರತದ ನಕ್ಷೆ ಬಿಡಿಸಿ ಸ್ಥಳ ಗುರುತಿಸಬೇಕು. ಅಂಕದ ಹೆಚ್ಚಿನ ಪಾಲು ಗುರುತಿಸಿದ ಸ್ಥಳಗಳಿಗೆ. ಗುಜರಾತಿನ ತೀರ ತಿದ್ದುತ್ತ ಹದಿನೈದು ನಿಮಿಷ ಕೂತರೆ ಅದಕ್ಕೆ ಯಾರೂ ಹೆಚ್ಚು ಅಂಕ ಕೊಡುವುದಿಲ್ಲ. ನಾಲ್ಕು ನಿಮಿಷದಲ್ಲಿ ನಕ್ಷೆ ಮುಗಿಸುವುದನ್ನು ಮೊದಲೇ ರೂಢಿಸಿಕೊಳ್ಳಬೇಕು. ವಿಜ್ಞಾನದ ಚಿತ್ರಗಳಿಗೆ ನೆರಳು ಬೇಡ, ಗೆರೆ ಸ್ಪಷ್ಟ ಇದ್ದು ಭಾಗಗಳ ಹೆಸರು ಸರಿ ಇದ್ದರೆ ಸಾಕು. ಎರಡು ಅಂಕ ಎಂದರೆ ಎರಡು ಅಂಶ, ನಾಲ್ಕು ಸಾಲು. ಕನ್ನಡದಲ್ಲಿ ಪತ್ರಲೇಖನದ ಚೌಕಟ್ಟು ಕೈಗೆ ಬಂದಿರಬೇಕು. ಪ್ರಬಂಧಕ್ಕೆ ಪೀಠಿಕೆ ಮೂರು ಸಾಲು ಮೀರಬಾರದು. ಪೀಠಿಕೆ ಚೆಂದ ಬರೆದು ವಿಷಯ ನಿರೂಪಣೆಗೆ ಜಾಗವೂ ಸಮಯವೂ ಇಲ್ಲದ ಪ್ರಬಂಧಗಳು ಪ್ರತಿ ಕಟ್ಟಿನಲ್ಲೂ ಸಿಗುತ್ತವೆ.

ಸೆಖೆ, ನಿದ್ದೆ, ಹೆದರಿಕೆ

ಮಾರ್ಚ್, ಏಪ್ರಿಲ್‌ನ ನಮ್ಮೂರಿನ ಸೆಖೆ ಗೊತ್ತೇ ಇದೆ. ಬೆವರಿದ ಅಂಗೈ ತಾಗಿದ ಕಾಗದದ ಮೇಲೆ ಬಾಲ್ ಪೆನ್ನು ಜಾರುತ್ತದೆ, ಜೆಲ್ ಪೆನ್ನಿನ ಶಾಯಿ ಹರಡುತ್ತದೆ. ಬರೆಯುವ ಕೈಯಡಿಯಲ್ಲಿ ಮಡಚಿದ ಕರವಸ್ತ್ರ ಇರಲಿ. ಹೊಸ ಪೆನ್ನು ಪರೀಕ್ಷೆಗೆ ಬೇಡ. ಹತ್ತು ಪುಟ ಬರೆದು ಪಳಗಿದ ಒಂದೇ ಬಗೆಯ ಮೂರು ಪೆನ್ನು ಒಯ್ಯಲಿ. ಕೈಗಡಿಯಾರ ಬಿಡುತ್ತಾರೋ ಇಲ್ಲವೋ ಕೇಂದ್ರದಲ್ಲಿ ಮೊದಲೇ ಕೇಳಿಕೊಳ್ಳಿ. ಅಭ್ಯಾಸದ ಪರೀಕ್ಷೆಗಳಲ್ಲಿ ಗೋಡೆ ಗಡಿಯಾರವನ್ನೂ ಬೆಲ್ಲನ್ನೂ ನಂಬಿ ಬರೆಯುವುದೇ ಒಳ್ಳೆಯದು.

ಪತ್ತನಾಜೆಯವರೆಗೆ, ಅಂದರೆ ಮೇ ಕೊನೆಗೆ ಉತ್ಸವಗಳ ಕಾಲ ಮುಗಿಯುವ ದಿನದವರೆಗೆ, ನಮ್ಮಲ್ಲಿ ದೈವಗಳ ಕೋಲ, ನೇಮ, ಜಾತ್ರೆ, ಯಕ್ಷಗಾನದ ಆಟ ಇದ್ದದ್ದೇ. ಪರೀಕ್ಷೆಯೂ ಅದೇ ತಿಂಗಳುಗಳಲ್ಲಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧ ಇದೆ. ನಿಯಮ ತೋರಿಸಿ ಜಗಳಕ್ಕೆ ಹೋಗುವ ಅಗತ್ಯ ಇಲ್ಲ; ಪರೀಕ್ಷೆಯ ವೇಳಾಪಟ್ಟಿಯನ್ನು ಜನವರಿಯಲ್ಲೇ ಉತ್ಸವ ನಡೆಸುವ ಆಡಳಿತ ಮಂಡಳಿಯವರ ಕೈಗೆ ಕೊಟ್ಟು ಕೇಳಿಕೊಂಡರೆ ಹೆಚ್ಚಿನ ಕಡೆ ಒಪ್ಪುತ್ತಾರೆ. ಅವರ ಮನೆಯಲ್ಲೂ ಹತ್ತನೇ ತರಗತಿಯ ಮಕ್ಕಳು ಇರುತ್ತಾರೆ. ನಿದ್ದೆಗೆಟ್ಟ ಮಗುವಿಗೆ ಓದಿದ್ದು ಮರೆತುಹೋಗುವುದಕ್ಕಿಂತ ಹೆಚ್ಚಾಗಿ, ನೆನಪು ಮಾಡಿಕೊಳ್ಳಲು ಹೊತ್ತು ಹಿಡಿಯುತ್ತದೆ. ಅದೂ ಸಮಯದ ನಷ್ಟವೇ.

ಒತ್ತಡ ಎಲ್ಲ ಕಡೆ ಕೆಟ್ಟದ್ದಲ್ಲ. 1908ರಲ್ಲೇ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಮನೋವಿಜ್ಞಾನಿಗಳು ಪ್ರಯೋಗದಿಂದ ತೋರಿಸಿದ್ದು ಇದನ್ನೇ: ಸುಲಭದ ಕೆಲಸಕ್ಕೆ ಒತ್ತಡ ಹೆಚ್ಚಿದ್ದರೂ ನಡೆಯುತ್ತದೆ, ಕಷ್ಟದ ಕೆಲಸ ಬೇಗ ಕೆಡುತ್ತದೆ. ಹೆದರಿದ ಮನಸ್ಸು ಲೆಕ್ಕದ ಮಧ್ಯದ ಹಂತಗಳನ್ನು ಹಿಡಿದಿಟ್ಟುಕೊಳ್ಳಲಾರದು. ಆದ್ದರಿಂದ ಗಾಬರಿಯಾದಾಗ ಮನಸ್ಸಿನಲ್ಲಿ ಕೂಡಿಸುವುದನ್ನು ನಿಲ್ಲಿಸಿ, ಪ್ರತಿ ಹಂತವನ್ನೂ ಕಾಗದಕ್ಕೆ ಇಳಿಸಬೇಕು. ಪೆನ್ನು ಕೆಳಗಿಟ್ಟು ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ, ಹೀಗೆ ಒಂದು ನಿಮಿಷ. ಆ ಒಂದು ನಿಮಿಷ ಉಳಿದ 30 ನಿಮಿಷದ ಲೆಕ್ಕದಲ್ಲಿ ಮೊದಲೇ ಸೇರಿದೆ ಎಂದು ಮಗುವಿಗೆ ತಿಳಿದಿರಲಿ.

ಪಿಯುಸಿ ಆದ ಮೇಲಿನ ಪ್ರವೇಶ ಪರೀಕ್ಷೆಗಳಾದ ಸಿಇಟಿ, ನೀಟ್ ಬೇರೆಯೇ ಲೋಕ. ಸಿಇಟಿಯಲ್ಲಿ ವಿಷಯವೊಂದಕ್ಕೆ 80 ನಿಮಿಷದಲ್ಲಿ 60 ಪ್ರಶ್ನೆ, ತಪ್ಪಿಗೆ ಅಂಕ ಕಳೆಯುವುದಿಲ್ಲ. ನೀಟ್‌ನಲ್ಲಿ 2025ರಿಂದ 180 ನಿಮಿಷಕ್ಕೆ 180 ಪ್ರಶ್ನೆ, ತಪ್ಪಿಗೆ ಒಂದು ಅಂಕ ಕಡಿತ. ಅಲ್ಲಿನ ಓಟವನ್ನು ಎಂಟನೇ ತರಗತಿಯಿಂದಲೇ ರೂಢಿಸಬೇಕು ಎಂಬ ಹಟ ಬೇಡ. ಹಂತ ಹಂತವಾಗಿ ಬರೆಯುವ ಅಭ್ಯಾಸ ಹದಿನೈದನೇ ವಯಸ್ಸಿನವರೆಗೆ ಉಳಿಯಬೇಕು.

ಇನ್ನು ಶಿಕ್ಷಕರಿಗೆ. ಶಾಲಾ ಮಟ್ಟದ ಪತ್ರಿಕೆ ತಯಾರಿಸಿದ ಮೇಲೆ ಅದರ ಪೂರ್ತಿ ಉತ್ತರವನ್ನು ನೀವೇ ಕೈಯಲ್ಲಿ ಬರೆದು ನೋಡಿ, ಚಿತ್ರ, ಗ್ರಾಫ್ ಎಲ್ಲ ಸೇರಿ. ನಿಮಗೇ 70 ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಅದು ಮೂರು ಗಂಟೆಯ ಪತ್ರಿಕೆ ಅಲ್ಲ. ತರಗತಿಯ ಮೂರನೇ ಒಂದು ಭಾಗ ಕೊನೆಯ ಪ್ರಶ್ನೆಗೆ ತಲುಪದಿದ್ದರೆ ತಪ್ಪು ಮಕ್ಕಳದ್ದಲ್ಲ, ಪತ್ರಿಕೆಯದ್ದು. ಮುಂದಿನ ಸಲ ಪ್ರಶ್ನೆ ಕಡಿಮೆ ಮಾಡಿ.

ಕೊನೆಯದಾಗಿ, ಕಲಿಕಾ ನ್ಯೂನತೆ ಇರುವ ಮಕ್ಕಳ ವಿಷಯ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಕೇಂದ್ರದ ಮಾರ್ಗಸೂಚಿ ಲಿಪಿಕಾರರನ್ನು, ಅಂದರೆ ಮಗು ಹೇಳಿದ್ದನ್ನು ಬರೆದುಕೊಡುವವರನ್ನು, ಪಡೆಯಲು ಅರ್ಹರಾದವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಎಂದು ಹೇಳುತ್ತದೆ. ಮೂರು ಗಂಟೆಗೆ ಒಂದು ಗಂಟೆ. ಇದನ್ನು ರಿಯಾಯಿತಿ ಎಂದು ಸಂಕೋಚಪಡುವ ಮನೆಗಳು ಇನ್ನೂ ಇವೆ, ಇದು ಹಕ್ಕು. ನೋಡಿ ಬರೆಯುವಾಗಲೂ ಅಕ್ಷರ ಅದಲುಬದಲಾಗುವುದು, ಬಾಯಲ್ಲಿ ಸರಿಯಾಗಿ ಹೇಳಿದ ಉತ್ತರ ಬರಹದಲ್ಲಿ ಅರ್ಧವೂ ಬರದಿರುವುದು ಕಂಡರೆ ಒಂಬತ್ತನೇ ತರಗತಿಯಲ್ಲೇ ತಪಾಸಣೆ ಮಾಡಿಸಿ. ಪ್ರಮಾಣಪತ್ರದ ಓಡಾಟಕ್ಕೆ ತಿಂಗಳುಗಳು ಹಿಡಿಯಬಹುದು, ಅರ್ಜಿ ಮುಖ್ಯಶಿಕ್ಷಕರ ಮೂಲಕವೇ ಹೋಗಬೇಕು. ಲಿಪಿಕಾರರು ಯಾರೆಂದು ಗೊತ್ತಾದ ಮೇಲೆ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕನಿಷ್ಠ ಎರಡು ಪೂರ್ತಿ ಪತ್ರಿಕೆ ಬರೆಸಿ. ವಾಕ್ಯ ಎಲ್ಲಿಗೆ ನಿಲ್ಲಿಸಿ ಹೇಳಬೇಕು, ಬರೆದದ್ದನ್ನು ಯಾವಾಗ ಓದಿಸಿ ಕೇಳಬೇಕು, ಗ್ರಾಫ್‌ನ ಬಿಂದುಗಳನ್ನು ಯಾವ ಕ್ರಮದಲ್ಲಿ ಹೇಳಬೇಕು ಎಂಬುದೆಲ್ಲ ಆಗಲೇ ಇತ್ಯರ್ಥವಾಗಲಿ. ಪರೀಕ್ಷೆಯ ದಿನ ಅದಕ್ಕೆ ಹೋಗುವ ಸಮಯ ಆ ಹೆಚ್ಚುವರಿ ಒಂದು ಗಂಟೆಯಿಂದಲೇ ಹೋಗುತ್ತದೆ.